ಕತ್ತು ತಿರುಗದ ಬೊಂಬೆ

೧೯೮೭ನೇ ಇಸವಿ ನವೆಂಬರ್ ಹನ್ನೆರಡು, ಗುರುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ನಮ್ಮ ನಡುಮನೆಯ ದಕ್ಷಿಣದ ಗೋಡೆಗೆ ಅಂಟಿಸಿದ್ದ ಅಳತೆಪಟ್ಟಿಯ ಮೇಲೆ ಬೆಳಕಿನ ಗೆರೆ ನಾನೂರ ಹನ್ನೆರಡನೇ ಮಿಲಿಮೀಟರಿನಲ್ಲಿ ನಿಂತಿತ್ತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದೆ. ನಾನೂರ ಹನ್ನೆರಡು. ಹಾಲು ಕಾಯಿಸಿ, ಸ್ನಾನ ಮುಗಿಸಿ, ಕಾಲೇಜಿಗೆ ಹೊರಡಲು ಚಪ್ಪಲಿ ಮೆಟ್ಟಿಕೊಂಡವಳು ಅದನ್ನು ಬಿಚ್ಚಿ ಒಳಗೆ ಹೋಗಿ ಇನ್ನೊಮ್ಮೆ ನೋಡಿದೆ. ನಾನೂರ ಹನ್ನೆರಡು.

ಆ ಬೆಳಕು ಬರುತ್ತಿದ್ದದ್ದು ನನ್ನ ಅಣ್ಣ ಮುಕುಂದನ ಬೊಂಬೆಯ ತಲೆಯಿಂದ. ಉಗುರಿನಷ್ಟು ಅಗಲದ ಕನ್ನಡಿಯ ಚೂರನ್ನು ಚಿಮುಟದಲ್ಲಿ ಹಿಡಿದು, ಕೈ ತಾಗದಂತೆ, ಒಂದು ತೊಟ್ಟು ಜೇನುಮೇಣದಿಂದ ಬೊಂಬೆಯ ಹಿಂದಲೆಗೆ ಅಂಟಿಸಿದ್ದೆ. ಮೂರು ಮೀಟರ್ ದೂರದ ಗೋಡೆಯ ಪಕ್ಕದಲ್ಲಿ, ಸಣ್ಣ ಸೀಳು ಕೊರೆದ ಡಬ್ಬಿಯೊಳಗೆ ಒಂದು ದೀಪ. ತಲೆ ಒಂದು ಡಿಗ್ರಿಯ ನೂರನೇ ಒಂದು ಪಾಲು ತಿರುಗಿದರೂ ಗೋಡೆಯ ಮೇಲೆ ಬೆಳಕು ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ಪ್ರಯೋಗಶಾಲೆಯಲ್ಲಿ ಅತಿ ಸಣ್ಣ ವಿದ್ಯುತ್ತನ್ನು ಅಳೆಯಲು ಹದಿನಾಲ್ಕು ವರ್ಷದಿಂದ ವಿದ್ಯಾರ್ಥಿಗಳಿಗೆ ನಾನು ಮಾಡಿ ತೋರಿಸುತ್ತಿದ್ದ ವಿಧಾನ ಇದು. ಮನೆಗೆ ತಂದದ್ದು ಅದೇ ಮೊದಲು. ನನಗೆ ಉಳಿದಿದ್ದದ್ದು ಮೂವತ್ತೊಂದು ದಿನ.

ನಮ್ಮೂರಿನಲ್ಲಿ ಹೆಸರಿಟ್ಟು ಮಾಡಿಸಿದ ಬೊಂಬೆ, ಆ ಹೆಸರಿನವರು ಸೇತುವೆ ದಾಟಿದ ಕೂಡಲೇ ಅವರಿರುವ ದಿಕ್ಕಿಗೆ ಮುಖ ತಿರುಗಿಸುತ್ತದೆ. ಅವರು ಎತ್ತ ಹೋದರೆ ಮುಖ ಅತ್ತ. ವಾಪಸು ಬಂದು ಸೇತುವೆ ದಾಟಿದರೆ ಮುಖ ಮತ್ತೆ ಮುಂದಕ್ಕೆ. ಆದ್ದರಿಂದ ಮನೆಯಲ್ಲಿ ಬೊಂಬೆ ಇಲ್ಲದವರನ್ನು ಯಾರೂ ಸೇತುವೆ ದಾಟಲು ಬಿಡುವುದಿಲ್ಲ. ಸಂಜೆ ಐದೂವರೆಯ ಬಸ್ಸು ಹೋಗುವಾಗ ಬೀದಿಯುದ್ದಕ್ಕೂ ಗೋಡೆಗೂಡುಗಳಿಂದ ಕಿರ್ ಎಂದು ಸದ್ದಾಗುತ್ತದೆ. ಒಗ್ಗರಣೆ ಹಾಕುತ್ತಿರುವವರು ತಲೆ ಎತ್ತಿ ನೋಡುವುದೂ ಇಲ್ಲ. ನಾನು ಬಿ.ಎಸ್‌ಸಿ. ಓದಲು ನಲವತ್ತು ಕಿಲೋಮೀಟರ್ ಆಚೆಯ ಊರಿನ ಹಾಸ್ಟೆಲಿನಲ್ಲಿದ್ದಾಗ ಅಮ್ಮ ನನ್ನ ಬೊಂಬೆಯ ಕೆಳಗೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದಳು, ಒಂದು ಹಾಸ್ಟೆಲಿಗೆ, ಇನ್ನೊಂದು ಕಾಲೇಜಿಗೆ. ಪರೀಕ್ಷೆಯ ದಿನ ಎರಡು ಗಂಟೆಗೇ ಹಾಸ್ಟೆಲಿನ ಗೆರೆಗೆ ಬಂದೆಯಲ್ಲ, ಪೇಪರ್ ಅರ್ಧಕ್ಕೇ ಕೊಟ್ಟು ಎದ್ದೆಯಾ ಎಂದು ಕಾಗದ ಬರೆದಿದ್ದಳು.

ಸತ್ತವರ ಬೊಂಬೆ ನಿಂತುಬಿಡುತ್ತದೆ. ಆದರೆ ದೂರದಲ್ಲಿ ಒಂದೇ ಕಡೆ ನೆಲೆಸಿದವರ ಬೊಂಬೆಯೂ ಬರಿಗಣ್ಣಿಗೆ ನಿಂತಂತೆಯೇ ಕಾಣುತ್ತದೆ. ಅದಕ್ಕಾಗಿ ಹಿರಿಯರು ಏಳು ವರ್ಷದ ಗಡುವು ಇಟ್ಟಿದ್ದರು. ಏಳು ವರ್ಷ ಅಲುಗದ ಬೊಂಬೆಯನ್ನು ಬಿಸಿನೀರಿನ ಬುಗ್ಗೆಯ ಕಟ್ಟೆಗೆ ಒಯ್ದು, ಅದನ್ನು ಮಾಡಿದವನ ಕೈಯಿಂದಲೇ ಕತ್ತು ಬಿಡಿಸಬೇಕು. ಆಮೇಲೆ ಮನೆಯವರು ತಿಥಿ ಮಾಡಬಹುದು, ಹೆಂಡತಿಯೋ ಗಂಡನೋ ಬೇರೆ ಮದುವೆಯಾಗಬಹುದು. ಗಡುವು ಮುಗಿಯುವ ತನಕ ಮನೆಯವರು ಬೊಂಬೆಯ ತಲೆಗೆ ಬೆರಳು ತಾಗಿಸುವಂತಿಲ್ಲ. ಧೂಳು ಹೊಡೆಯುವುದಾದರೆ ನವಿಲುಗರಿಯಿಂದ, ಅದೂ ಉಸಿರು ಬಿಗಿಹಿಡಿದು.

ಮುಕುಂದಣ್ಣ ಕೊಳವೆ ಬಾವಿ ಕೊರೆಯುವ ಲಾರಿಯ ಜೊತೆ ಹೋದವನು. ೧೯೮೦ರ ಆಗಸ್ಟಿನಲ್ಲಿ ಹೊರಟ. ನಾಲ್ಕು ತಿಂಗಳು ಅವನ ಬೊಂಬೆಯ ಕತ್ತಿಗೆ ಬಿಡುವೇ ಇರಲಿಲ್ಲ. ಲಾರಿ ಹೋದಲ್ಲೆಲ್ಲ ಮುಖವೂ ಹೋಗುತ್ತಿತ್ತು. ಡಿಸೆಂಬರ್ ಹದಿಮೂರರಂದು ಉತ್ತರಕ್ಕೆ ಮುಖ ಮಾಡಿ ನಿಂತಿತು. ಅದಾದ ಮೇಲೆ ಕಾಗದ ಬರಲಿಲ್ಲ, ಬೊಂಬೆ ತಿರುಗಲಿಲ್ಲ. ಲಾರಿಯ ಮಾಲೀಕರಿಗೆ ನಾನು ಬರೆದ ಮೂರು ಕಾಗದಗಳಿಗೂ ಉತ್ತರವಿಲ್ಲ. ಈಗ ೧೯೮೭ರ ಡಿಸೆಂಬರ್ ಹದಿಮೂರು, ಭಾನುವಾರ, ಕತ್ತು ಬಿಡಿಸುವ ದಿನವೆಂದು ಕಟ್ಟೆಯ ಹಿರಿಯರು ಗೊತ್ತು ಮಾಡಿದ್ದರು.

ಆ ದಿನಕ್ಕಾಗಿ ಕಾದಿದ್ದವಳು ನನ್ನ ಅತ್ತಿಗೆ ಮಂದಾಕಿನಿ. ಅವಳ ಮೇಲೆ ನನಗೆ ಕೋಪವಿರಲಿಲ್ಲ. ಏಳು ವರ್ಷ ನಾವಿಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿ ಉಂಡಿದ್ದೆವು. ಅಮ್ಮನ ಕೊನೆಯ ಕಾಯಿಲೆಯಲ್ಲಿ ಮಲಮೂತ್ರ ಬಳಿದವಳು ಅವಳು. ಬುಗ್ಗೆಯ ಸ್ನಾನದ ಮನೆಗಳ ಬೀಗದಕೈ ಇಟ್ಟುಕೊಂಡಿರುವ ವಾಮನ ಒಳ್ಳೆಯವನು, ಮಿತಭಾಷಿ. ಎರಡು ವರ್ಷದಿಂದ ಅವಳು ಅವನ ಜೊತೆ ಮಾತಾಡುತ್ತಿದ್ದದ್ದು ಹಗಲು ಹೊತ್ತಿನಲ್ಲಿ, ಎಲ್ಲರೂ ಕಾಣುವ ಹಾಗೆ, ಕಟ್ಟೆಯ ಮೇಲೆ ಮಾತ್ರ. ಕತ್ತು ಬಿಡಿಸಿದ ಮೇಲೆ ಅವರಿಬ್ಬರ ಮದುವೆ ಎಂದು ಊರೂ ಒಪ್ಪಿತ್ತು. ನನಗೆ ಬೇಕಾದದ್ದು ಇಷ್ಟೇ. ನನ್ನ ಅಣ್ಣ ಸತ್ತಿದ್ದರೆ ಅವನು ಸತ್ತಿದ್ದಾನೆ ಎಂಬುದನ್ನು ಗಡುವು ಹೇಳಬಾರದು, ಅಳತೆ ಹೇಳಬೇಕು.

ಮೊದಲು ಪಕ್ಕದ ಮನೆಯವರ ಒಪ್ಪಿಗೆ ಪಡೆದು ಅವರ ಮಗಳ ಬೊಂಬೆಯ ಮೇಲೆ ಪರೀಕ್ಷಿಸಿದೆ. ಆಕೆ ಮದುವೆಯಾಗಿ ದೂರದ ಊರು ಸೇರಿ ಆರು ವರ್ಷವಾಗಿತ್ತು. ಕಣ್ಣಿಗೆ ಕದಲದ ಬೊಂಬೆ. ಕನ್ನಡಿ ಅಂಟಿಸಿದ ಮೇಲೆ ಬೆಳಕು ದಿನಕ್ಕೆ ಮೂರು ನಾಲ್ಕು ಮಿಲಿಮೀಟರ್ ಅತ್ತಿತ್ತ ಹೋಗಿ ಬಂತು. ಸಂತೆಯ ದಿನ ಆರು. ಬದುಕಿರುವವರು ಯಾರೂ ಇದ್ದಲ್ಲಿ ಇರುವುದಿಲ್ಲ. ನನ್ನ ಅಣ್ಣನ ಬೆಳಕು ಮಾತ್ರ ನವೆಂಬರ್ ಪೂರ್ತಿ ನಾನೂರ ಹನ್ನೆರಡು ಬಿಟ್ಟು ಕದಲಲಿಲ್ಲ. ನಾನು ದಿನಕ್ಕೆ ಹನ್ನೊಂದು ಸಲ ನೋಡುತ್ತಿದ್ದೆ. ತರಗತಿಯಲ್ಲಿ ಪಾಠ ಮಾಡುತ್ತಿದ್ದವಳು ಬಾಯಿ ನಿಲ್ಲಿಸಿ, ಈಗ ಕದಲಿರಬಹುದೇ ಎಂದು ಯೋಚಿಸುತ್ತಿದ್ದೆ. ರಾತ್ರಿಯೂಟದ ತಟ್ಟೆ ಹಿಡಿದುಕೊಂಡು ಗೋಡೆಯ ಮುಂದೆ ನಿಂತು ಉಣ್ಣುತ್ತಿದ್ದೆ. ಅತ್ತಿಗೆ ಅಲ್ಲಿಗೇ ಸಾರು ತಂದು ಬಡಿಸುತ್ತಿದ್ದಳು.

ಡಿಸೆಂಬರ್ ಒಂಬತ್ತು, ಬುಧವಾರ ಬೆಳಿಗ್ಗೆ, ಅತ್ತಿಗೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗ ನಾನು ಮಾಡಬಾರದ್ದನ್ನು ಮಾಡಿದೆ. ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಅದರ ತುದಿಯಿಂದ ಬೊಂಬೆಯ ಕಿವಿಯ ಜಾಗವನ್ನು ಮೆಲ್ಲಗೆ ತಳ್ಳಿದೆ. ಬೆಳಕು ನಾನೂರ ಹದಿನಾಲ್ಕಕ್ಕೆ ಹೋಯಿತು. ಕಡ್ಡಿ ತೆಗೆದೆ. ನಾನೂರ ಹನ್ನೆರಡಕ್ಕೆ ವಾಪಸು ಬಂತು. ಇನ್ನೂ ಜೋರಾಗಿ ತಳ್ಳಿದೆ. ನಾನೂರ ಹದಿನೆಂಟು, ಬಿಟ್ಟರೆ ಮತ್ತೆ ನಾನೂರ ಹನ್ನೆರಡು. ಇಪ್ಪತ್ತು ಸಲ ಮಾಡಿದೆ, ಇಪ್ಪತ್ತು ಸಲವೂ ಹಾಗೇ. ಸಡಿಲವಾದ ಕತ್ತು ತಳ್ಳಿದಲ್ಲಿ ನಿಲ್ಲಬೇಕು. ಇದು ಬಿಗಿದ ತಂತಿಯ ಹಾಗೆ ಹಿಂದಕ್ಕೆ ಬರುತ್ತಿತ್ತು. ಕಡ್ಡಿ ಎಸೆದು, ಬೊಂಬೆ ಮಾಡಿದ ಮೇಸ್ತ್ರಿಯ ಬಳಿಗೆ ಹೊರಟೆ.

ಯಾಸುಜಿ ಮೇಸ್ತ್ರಿಯ ಕೆಲಸದ ಕೊಟ್ಟಿಗೆ ಬುಗ್ಗೆಯ ಹಿಂದಿನ ಬೀದಿಯಲ್ಲಿದೆ. ಅವರು ಜಪಾನಿನವರು. ಉತ್ತರದ ಬೆಟ್ಟಗಳ ನಡುವಿನ ಯಾವುದೋ ಬಿಸಿನೀರಿನ ಊರಿನಲ್ಲಿ ಅವರ ಅಪ್ಪ, ಅಜ್ಜ ಸ್ನಾನಕ್ಕೆ ಬಂದವರಿಗೆ ಮರದ ಬೊಂಬೆ ಮಾಡಿಕೊಡುತ್ತಿದ್ದರಂತೆ. ಮೂವತ್ತು ವರ್ಷದ ಹಿಂದೆ ಐದು ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಎಲ್ಲಿಗೋ ಹೋಗುತ್ತಿದ್ದವರು, ಕಿಟಕಿಯಿಂದ ಗಂಧಕದ ವಾಸನೆ ಬಂತೆಂದು ನಮ್ಮೂರಿನಲ್ಲಿ ಇಳಿದರು. ಮತ್ತೆ ಹತ್ತಲಿಲ್ಲ. ಅವರು ಬರುವ ಮುಂಚೆ ನಮ್ಮ ಬೊಂಬೆಗಳಿಗೆ ಕತ್ತೇ ಇರಲಿಲ್ಲ. ಒಂದೇ ತುಂಡು ಮರ, ತಿರುಗಿದರೆ ಇಡೀ ಬೊಂಬೆ ತಿರುಗಬೇಕು. ತಿರುಗುತ್ತ ತಿರುಗುತ್ತ ಗೂಡಿನ ಅಂಚಿಗೆ ಬಂದು ಬೀಳುತ್ತಿದ್ದವು. ಮೂಗು ಮುರಿಯದ ಬೊಂಬೆ ಯಾರ ಮನೆಯಲ್ಲೂ ಇರಲಿಲ್ಲ. ಯಾಸುಜಿ ಮೇಸ್ತ್ರಿ ತಲೆ ಬೇರೆ, ಮೈ ಬೇರೆ ಮಾಡಿದರು. ಕೈಕಾಲಿಲ್ಲದ ದುಂಡು ಮೈ, ಅದರ ಮೇಲೆ ಕೆಂಪು ಸೇವಂತಿಗೆ, ದುಂಡು ತಲೆ, ಕುಂಚದ ಒಂದೊಂದೇ ಎಳೆಯಲ್ಲಿ ಮುಗಿಯುವ ಕಣ್ಣು. ಮೈ ಅಲ್ಲಾಡದು, ಕತ್ತು ಮಾತ್ರ ತಿರುಗುತ್ತದೆ. ಮೊದಲ ಬೊಂಬೆಯನ್ನು ನೋಡಿದ ಮುದುಕಿಯರು ಮನೆಯ ಸಾಮಾನು ಉಳಿಯಿತು ಎಂದು ನಿಟ್ಟುಸಿರಿಟ್ಟರಂತೆ.

ನಾನು ಹೋದಾಗ ಅವರು ಅಂಗಳದಲ್ಲಿ ಹಾಲೆ ಮರದ ತುಂಡುಗಳನ್ನು ಒಂದೊಂದಾಗಿ ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಅವರ ಪರೀಕ್ಷೆ ಅದು. ತಣ್ಣಗೆ ತಾಗಿದರೆ ಒಳಗಿನ್ನೂ ನೀರಿದೆ ಎಂದರ್ಥ. ತೊಗಟೆ ಸುಲಿದ ತುಂಡುಗಳು ಒಂದು ವರ್ಷ ಗಾಳಿಗೆ ನಿಲ್ಲಬೇಕು, ದಪ್ಪನೆಯವು ಎರಡು ವರ್ಷ. ನಾನು ಪೊರಕೆ ಕಡ್ಡಿಯ ವಿಷಯ ಹೇಳಿದೆ. ತಲೆ ಮುಟ್ಟಿದ್ದಕ್ಕೆ ಬೈಯುತ್ತಾರೆಂದುಕೊಂಡಿದ್ದೆ. ಅವರು ಕೈಲಿದ್ದ ತುಂಡನ್ನು ಕೆಳಗಿಟ್ಟು, ಎಷ್ಟು ಹಿಂದಕ್ಕೆ ಬಂತು ಎಂದು ಕೇಳಿದರು. ಪೂರ್ತಿ ಎಂದೆ.

ಅವರು ಒಳಗೆ ಹೋಗಿ ಒಂದು ಹಳೆಯ ಬೊಂಬೆ ತಂದರು. ಅದು ಅವರ ಅಕ್ಕನದು. ಊರು ಬಿಟ್ಟು ಬಂದವರು, ಇಲ್ಲಿ ಕುಳಿತು ಆಕೆಯ ಹೆಸರಿಟ್ಟು ಮಾಡಿದ್ದು. ಮುಖ ಈಶಾನ್ಯಕ್ಕಿತ್ತು. ಮೇಸ್ತ್ರಿ ಅದರ ತಲೆಯನ್ನು ಬೆರಳಿನಿಂದ ತಿರುಗಿಸಿದರು. ಅದು ಕಿರ್ ಎಂದು ಪಶ್ಚಿಮಕ್ಕೆ ತಿರುಗಿತು, ಅಲ್ಲೇ ನಿಂತಿತು.

"ನಿಂತು ಒಂಬತ್ತು ವರ್ಷ ಆಯ್ತು, ಮೇಷ್ಟ್ರಮ್ಮ. ಎಷ್ಟೋ ಸಲ ನಂಗೂ ಅನ್ಸಿದೆ, ಕತ್ತು ಸಿಕ್ಕಾಕ್ಕೊಂಡಿರ್ಬೌದು ಅಂತ. ಆದ್ರೆ ಇದರ ಮರ ಚೆನ್ನಾಗಿ ಒಣಗಿತ್ತು."

ಆಮೇಲೆ ಅವರು ಮುಕುಂದಣ್ಣನ ಬೊಂಬೆಯ ಕಥೆ ಹೇಳಿದರು. ನನಗೆ ಅರ್ಧ ಗೊತ್ತಿತ್ತು. ಅಣ್ಣನ ಹುಟ್ಟಿನ ಬೊಂಬೆ ಒಂದೇ ತುಂಡಿನ ಹಳೆಯ ಕಾಲದ್ದು. ಲಾರಿಯ ಕೆಲಸ ಗೊತ್ತುಮಾಡಿಕೊಳ್ಳಲು ಪಕ್ಕದ ಊರಿಗೆ ಹೋದಾಗ ಅದು ಬಿದ್ದು ಎರಡು ಹೋಳಾಯಿತು. ಲಾರಿ ಹೊರಡಲು ಎರಡು ದಿನವಿತ್ತು. ಹೊಸ ಬೊಂಬೆಯಿಲ್ಲದೆ ಅವನು ಸೇತುವೆ ದಾಟುವಂತಿರಲಿಲ್ಲ. ಮೇಸ್ತ್ರಿಯ ಬಳಿ ತಲೆಗಾಗುವಷ್ಟು ಒಣ ಮರವಿತ್ತು, ಮೈಗೆ ಬೇಕಾದ ದಪ್ಪದ್ದು ನಾಲ್ಕೇ ತಿಂಗಳು ಒಣಗಿದ್ದು. ಆಗಲ್ಲ ಎಂದು ಒಮ್ಮೆ ಹೇಳಿದ್ದರು. ಅತ್ತಿಗೆ ಬಂದು ಬಾಗಿಲಲ್ಲಿ ಕುಳಿತಳು. ಮಾಡಿಕೊಟ್ಟರು. ಹಸಿ ಮೈ ಚಳಿಗಾಲದಲ್ಲಿ ಒಣಗುತ್ತ ಕುಗ್ಗಿ, ಒಳಗಿದ್ದ ಒಣ ಕತ್ತನ್ನು ಸುತ್ತಲಿಂದ ಹಿಡಿದುಬಿಟ್ಟಿತು. ಕತ್ತು ಕೂರಿಸಿದ ದಿನವೇ ಸದ್ದು ಸರಿಯಿರಲಿಲ್ಲ, ಅರ್ಧ ಅತ್ತು ನಿಲ್ಲಿಸಿದ ಹಾಗಿತ್ತು ಎಂದರು. ಏಳು ವರ್ಷ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ.

"ಒಂದೊಂದ್ಸಲ ಹಸಿ ಮರಾನೂ ಸರಿ ಹೋಗತ್ತೆ. ಸರಿ ಹೋಗಿರ್ಲಿ ಅಂತ ಇದ್ದೆ," ಎಂದರು. ಅಕ್ಕನ ಬೊಂಬೆಯ ಮುಖವನ್ನು ಮತ್ತೆ ಈಶಾನ್ಯಕ್ಕೆ ತಿರುಗಿಸಿಟ್ಟು, "ಹೆದರ್ಕೊಂಡಿದ್ದೆ," ಎಂದರು.

ಸರಿಪಡಿಸಲು ದಾರಿಯಿದೆಯೇ ಎಂದು ಕೇಳಿದೆ. ಎಳೆದು ತೆಗೆದರೆ ಮೈಯ ತೂತಿನೊಳಗೆ ಕೂತ ಕತ್ತಿನ ಗುಂಡು ಹಾಳಾಗುತ್ತದೆ, ಮತ್ತೆ ಕೂರುವುದಿಲ್ಲ. ಆದರೆ ಅವರು ತಲೆ, ಕತ್ತುಗಳಿಗೆ ಮೇಣ ತಿಕ್ಕಿರುತ್ತಾರೆ. ಮೈಯ ಬುಡ ಬರಿ ಮರ. ಬುಗ್ಗೆಯ ಆವಿಯ ಕೋಣೆಯಲ್ಲಿಟ್ಟರೆ ಮೈ ನೀರು ಕುಡಿದು ಹಿಗ್ಗಬಹುದು, ಕತ್ತು ಬಿಡಬಹುದು. ಬಿಡದೆ ಸೀಳಲೂಬಹುದು. ಅದಕ್ಕೆ ಬೊಂಬೆಯಿರುವ ಮನೆಯ ಯಜಮಾನಿ ಹೂಂ ಅನ್ನಬೇಕು ಎಂದರು. ಯಜಮಾನಿ ನಾನಲ್ಲ, ಅತ್ತಿಗೆ.

ಒಂದು ದಿನ ಪೂರ್ತಿ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ಸುಮ್ಮನಿದ್ದರೆ ಭಾನುವಾರ ಕತ್ತು ಬಿಡಿಸುತ್ತಾರೆ, ಅತ್ತಿಗೆ ಬಿಡುಗಡೆಯಾಗುತ್ತಾಳೆ. ಹೇಳಿದರೆ, ಬೊಂಬೆ ತಿರುಗಿದರೆ, ಅವಳು ಮತ್ತೆ ಹೆಂಡತಿ. ಮೂವತ್ತೊಂಬತ್ತು ವರ್ಷ ಅವಳಿಗೆ. ಕಾಲೇಜಿನಲ್ಲಿ ಎರಡು ಬೀಕರು ಒಡೆದೆ. ಗುರುವಾರ ಸಂಜೆ ಅತ್ತಿಗೆ ಅಡುಗೆಮನೆಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಎದುರಿಗೆ ಕುಳಿತು ನಾನೂ ಎರಡು ಕಾಯಿ ಬಿಡಿಸಿದೆ.

"ಅತ್ತಿಗೆ, ಅಣ್ಣನ ಬೊಂಬೆ ನಿಂತಿರೋದಲ್ಲ. ಸಿಕ್ಕಾಕ್ಕೊಂಡಿದೆ."

ಅವಳ ಕೈ ನಿಲ್ಲಲಿಲ್ಲ. "ಯಾವಾಗ ಗೊತ್ತಾಯ್ತು?"

"ನಿನ್ನೆ ಬೆಳಿಗ್ಗೆ."

"ಅದಕ್ಕಾ ನಿನ್ನೆಯಿಂದ ಮರಿ ಹಾಕೋಕೆ ಜಾಗ ಹುಡುಕೋ ಬೆಕ್ಕಿನ ಥರ ಮನೆ ತುಂಬ ಓಡಾಡ್ತಿದ್ದೆ?"

ನಾನು ಕಡ್ಡಿಯಿಂದ ಹಿಡಿದು ಆವಿಯ ತನಕ ಎಲ್ಲ ಹೇಳಿದೆ. ಅವಳು ಕೇಳುತ್ತ ಒಂದು ಹುಳುಕು ಕಾಳನ್ನು ಬೇರೆ ಹಾಕಿದಳು, ಸಿಪ್ಪೆಗಳನ್ನು ಗುಡ್ಡೆ ಮಾಡಿದಳು.

"ನೀನು ಹೇಳ್ದೆ ಇದ್ದಿದ್ರೆ ಭಾನುವಾರ ಎಲ್ಲಾ ಮುಗಿದೋಗ್ತಿತ್ತು, ವಾರಿಜಾ."

"ಹೌದು."

"ಮತ್ಯಾಕ್ ಹೇಳ್ದೆ?"

ನಿಮಗೆ ಬೇಡವೆಂದರೆ ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅವತ್ತು ಮೇಸ್ತ್ರಿ ಬಾಗಿಲಲ್ಲಿ ಕೂತು ಅವಸರ ಮಾಡಿದ್ದು ನಾನೇ ಕಣೆ. ಅವರು ಆಗಲ್ಲ ಅಂದಿದ್ರು. ಲಾರಿ ತಪ್ಪಿದ್ರೆ ನಿಮ್ಮಣ್ಣ ಮನೇಲಿ ನನ್ ತಲೆ ತಿಂತಾನೆ ಅಂತ ನಾನು ಹಟ ಮಾಡ್ದೆ. ಸೀಳಿದ್ರೆ ಸೀಳ್ಳಿ. ಇಡೋಣ."

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಆವಿಯ ಕೋಣೆಯ ಬಾಗಿಲು ತೆಗೆಯಬೇಕಾದವನು ವಾಮನ. ಅತ್ತಿಗೆ ಅವನಿಗೆ ಹಿಂದಿನ ದಿನವೇ ಎಲ್ಲ ಹೇಳಿದ್ದಳು. ಅವನು ಯಾವ ಪ್ರಶ್ನೆಯನ್ನೂ ಕೇಳದೆ ಬೀಗ ತೆಗೆದು, ಒಳಗಿನ ಒದ್ದೆ ಹಲಗೆಯನ್ನು ಒರೆಸಿ, ಒಣ ಹಲಗೆ ತಂದಿಟ್ಟ. ಬೊಂಬೆ ಉತ್ತರಕ್ಕೆ ನೋಡುವಂತೆ ಇಟ್ಟ. ನಾನು ಕನ್ನಡಿ ತೆಗೆದು, ಬುಡದಲ್ಲಿ ಡಿಗ್ರಿಗಳನ್ನು ಗುರುತಿಸಿದ ತಗಡಿನ ವೃತ್ತವನ್ನು ಕೂರಿಸಿದ್ದೆ. ನಾವು ನಾಲ್ವರೂ ಬಾಗಿಲ ಬಳಿ ನಿಂತೆವು. ಮೇಸ್ತ್ರಿ ಐದು ನಿಮಿಷಕ್ಕೊಮ್ಮೆ ಒಳಗೆ ಹೋಗಿ ಬೊಂಬೆಯ ಮೈಗೆ ಕಿವಿ ಕೊಟ್ಟು ಬರುತ್ತಿದ್ದರು. ಅವರ ಬಿಳಿ ಹುಬ್ಬುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅತ್ತಿಗೆ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ವಾಮನ ಬೀಗದಕೈ ಗೊಂಚಲನ್ನು ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ನಲವತ್ತು ನಿಮಿಷವಾಯಿತು. ನಲವತ್ತಾರನೇ ನಿಮಿಷದಲ್ಲಿ ಕೋಣೆಯೊಳಗಿಂದ ಕಿರ್ ಎಂದು ಉದ್ದಕ್ಕೆ, ಉಸಿರೆಳೆದು ಅಳುವ ಮಗುವಿನ ಹಾಗೆ ಸದ್ದು ಬಂತು.

ತಲೆ ಬಲಕ್ಕೆ ನೂರ ಹದಿನೇಳು ಡಿಗ್ರಿ ತಿರುಗಿತ್ತು. ಆಗ್ನೇಯ.

ವಾಮನ ಒಳಗೆ ಹೋಗಿ ಬೊಂಬೆಯ ಮೈ ಹಿಡಿದು ಹೊರಗೆ ತಂದು ಅತ್ತಿಗೆಯ ಕೈಗೆ ಕೊಟ್ಟ. ಬಾಗಿಲು ಹಾಕಿ ಬೀಗ ಹಾಕುವಾಗ ಕೀಲಿ ಎರಡು ಸಲ ಕೈಜಾರಿತು.

ಭಾನುವಾರದ ಶಾಸ್ತ್ರ ನಿಂತಿತು. ಯಾಸುಜಿ ಮೇಸ್ತ್ರಿ ತಾವೇ ಕಟ್ಟೆಗೆ ಹೋಗಿ ಹಿರಿಯರ ಮುಂದೆ ಮಂಡಿಯೂರಿ, ತಪ್ಪು ತನ್ನದು, ಹಸಿ ಮರ ಎಂದು ಹೇಳಿದರು. ಮರುದಿನದಿಂದ ಅವರ ಕೊಟ್ಟಿಗೆಯ ಮುಂದೆ ಜನ ಸೇರಿದರು. ನಿಂತ ಬೊಂಬೆಗಳಿದ್ದ ಮನೆಗಳವರು ಅವನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದರು. ನಮ್ಮದೂ ಹಸಿ ಮರವೇ ಇರಬೇಕು, ನೋಡಿ ಮೇಸ್ತ್ರಿ, ಎನ್ನುತ್ತಿದ್ದರು. ಅವರು ಒಂದೊಂದರ ತಲೆಯನ್ನೂ ಬೆರಳಿನಿಂದ ತಿರುಗಿಸಿದರು. ಒಂಬತ್ತೂ ಸಲೀಸಾಗಿ ತಿರುಗಿ, ತಿರುಗಿಸಿದಲ್ಲೇ ನಿಂತವು. ಒಂಬತ್ತು ಮನೆಗಳವರೂ ಬಂದ ದಾರಿಯಲ್ಲೇ ವಾಪಸು ಹೋದರು.

ನಾನು ಗೋಡೆ ಬದಲಿಸಿ ಕನ್ನಡಿ, ದೀಪ ಮತ್ತೆ ಹೂಡಿದೆ. ಬೆಳಕು ಈಗ ಕದಲುತ್ತಿತ್ತು. ಬೆಳಿಗ್ಗೆ ಎಂಟು ನಲವತ್ತರ ಸುಮಾರಿಗೆ ಹೊರಟು ಅರ್ಧ ಗಂಟೆಯಲ್ಲಿ ಹತ್ತೊಂಬತ್ತು ಮಿಲಿಮೀಟರ್ ಬಲಕ್ಕೆ ಹೋಗುತ್ತಿತ್ತು. ಅಲ್ಲೇ ಇದ್ದು ಸಂಜೆ ಐದೂಮುಕ್ಕಾಲರ ನಂತರ ವಾಪಸು ಬರುತ್ತಿತ್ತು. ಮಂಗಳವಾರ ಹಾಗೆ, ಬುಧವಾರ ಹಾಗೆ. ಡಿಸೆಂಬರ್ ಇಪ್ಪತ್ತು, ಭಾನುವಾರ, ಬೆಳಿಗ್ಗೆ ಕದಲಲೇ ಇಲ್ಲ. ಸಂಜೆ ಐದಕ್ಕೆ ಎಡಕ್ಕೆ ನಾಲ್ಕು ಮಿಲಿಮೀಟರ್ ಹೋಗಿ ಏಳಕ್ಕೆ ವಾಪಸು ಬಂತು. ಅಣ್ಣ ಎಷ್ಟು ದೂರದಲ್ಲಿದ್ದಾನೆಂದು ಗೊತ್ತಿಲ್ಲದೆ ಅವನು ಎಷ್ಟು ನಡೆಯುತ್ತಾನೆಂದು ಲೆಕ್ಕ ಹಾಕಲು ಬರುವುದಿಲ್ಲ. ನಾನು ಅತ್ತಿಗೆಗೆ ಹೇಳಿದ್ದು ಇಷ್ಟು ಮಾತ್ರ.

ಅವಳು ಮುಕ್ಕಾಲಿ ಎಳೆದುಕೊಂಡು ಗೋಡೆಯ ಮುಂದೆ ಕುಳಿತಿದ್ದಳು. ಸೋಮವಾರ ರಜೆ ಹಾಕಿ ನಾನೂ ಕುಳಿತೆ. ಒಂಬತ್ತೂಕಾಲಿಗೆ ಬೆಳಕು ಹತ್ತೊಂಬತ್ತು ಮಿಲಿಮೀಟರ್ ಸರಿದು ನಿಂತಿತು. ಮಧ್ಯಾಹ್ನ ಒಂದಾಯಿತು, ಎರಡಾಯಿತು. ಕದಲಲಿಲ್ಲ.

"ಊಟಕ್ಕೂ ಮನೆಗೆ ಬರಲ್ಲ," ಎಂದಳು ಅತ್ತಿಗೆ. "ಅವನಿಗೆ ಹೋಟ್ಲೂಟ ಮೈಗಾಗಲ್ಲ. ಯಾರೋ ಡಬ್ಬಿ ಕಟ್ಟಿ ಕೊಡ್ತಿದಾರೆ ಕಣೆ."

ನಾನು ಬೇರೆ ಏನಾದರೂ ಇರಬಹುದು ಎಂದೆ. ಹತ್ತಿರದಲ್ಲೇ ಎಲ್ಲೋ ಉಣ್ಣಬಹುದು, ಅಷ್ಟು ಸಣ್ಣ ಚಲನೆ ನನ್ನ ಪಟ್ಟಿಗೆ ಸಿಗುವುದಿಲ್ಲ. ಅವಳು ನಕ್ಕಳು. ಭಾನುವಾರ ಸಂಜೆ ಎರಡು ಗಂಟೆ ಹೊರಗೆ ಹೋಗಿ ಬಂದವನು ಒಬ್ಬನೇ ಹೋಗಿರುತ್ತಾನಾ, ನನ್ನ ಜೊತೆ ಹದಿನೈದು ವರ್ಷದಲ್ಲಿ ಒಂದು ಸಂಜೆ ಹೋಗಿಲ್ಲ ಎಂದಳು. ನಗುವಾಗಲೇ ಕಣ್ಣು ಒರೆಸಿಕೊಂಡಳು. ಆಮೇಲೆ ಎದ್ದು ದೀಪವನ್ನು ತಾನೇ ಆರಿಸಿದಳು.

ಊರಿನ ಮಾತು ಸ್ಪಷ್ಟವಿತ್ತು. ಬೊಂಬೆ ತಿರುಗುತ್ತಿರುವಷ್ಟು ಕಾಲ ಅವಳು ಮುಕುಂದನ ಹೆಂಡತಿ. ವಾಮನ ಕಟ್ಟೆಯ ಮೇಲೆ ಅವಳ ಜೊತೆ ಕೂರುವುದೂ ಇನ್ನು ಸರಿಯಲ್ಲ ಎಂದು ಹಿರಿಯರು ಮೃದುವಾಗಿಯೇ ಹೇಳಿ ಕಳಿಸಿದರು. ಅದೇ ವಾರ ಯಾಸುಜಿ ಮೇಸ್ತ್ರಿ ನಮ್ಮ ಮನೆಗೆ ಬಂದರು. ಚಪ್ಪಲಿಗಳನ್ನು ಬಾಗಿಲ ಹೊರಗೆ ಜೋಡಿಸಿಟ್ಟು, ಕೊಟ್ಟ ಕಾಫಿ ಮುಟ್ಟದೆ ಕುಳಿತಿದ್ದರು. ಕೊನೆಗೆ, ನೀವು ಹೇಳಿದರೆ ಅದರ ಕತ್ತು ಬಿಡಿಸುತ್ತೇನೆ, ಅದು ತಿರುಗಿದ್ದು ಆವಿಯಲ್ಲಿ ಸೀಳಿದ್ದರಿಂದ ಎಂದು ಕಟ್ಟೆಯಲ್ಲಿ ಹೇಳುತ್ತೇನೆ, ಒಂದು ಸುಳ್ಳು ನನ್ನ ಮೇಲಿರಲಿ ಎಂದರು.

"ಬೇಡ ಮೇಸ್ತ್ರಿ," ಎಂದಳು ಅತ್ತಿಗೆ. "ಉಸಿರಾಡೋರ ಕತ್ತು ಬಿಡಿಸ್ಬೇಡಿ. ನಂಗೊಂದು ಬೊಂಬೆ ಮಾಡ್ಕೊಡಿ. ಈ ಸಲ ನಾನು ಅವಸರ ಮಾಡಲ್ಲ."

ಅವಳು ಹೊರಗಿನಿಂದ ಮದುವೆಯಾಗಿ ಬಂದವಳು, ಬಂದ ಮೇಲೆ ಸೇತುವೆ ದಾಟಿರಲಿಲ್ಲ. ಅವಳ ಹೆಸರಿನ ಬೊಂಬೆ ಇರಲಿಲ್ಲ. ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಊರಿನ ಕಟ್ಟು ಸೇತುವೆಯ ತನಕ. ಆಚೆ ಅವಳನ್ನು ಯಾರ ಬೊಂಬೆಯೂ ಕಟ್ಟುವುದಿಲ್ಲ. ಮೇಸ್ತ್ರಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

ಅವರು ಮೂರು ವರ್ಷ ಒಣಗಿದ ತುಂಡು ಆರಿಸಿದರು. ಆರು ಸಲ ಕೆನ್ನೆಗೆ ಒತ್ತಿಕೊಂಡು, ನನ್ನ ಕೆನ್ನೆಗೂ ಒತ್ತಿ ತೋರಿಸಿದರು. ಬೆಚ್ಚಗಿತ್ತು. ಮರ ಕಡೆಯುವ ಚರಕಿಯ ಪಟ್ಟಿ ಓಡತೊಡಗಿದ ಮೇಲೆ ಉಳಿಯ ತುದಿಯಿಂದ ಮರದ ಸುರುಳಿ ರಿಬ್ಬನ್ನಿನ ಹಾಗೆ ಬಂದು ಅವರ ಮೊಣಕೈ ತನಕ ಸುತ್ತಿಕೊಂಡಿತು. ಮೈಯನ್ನು ನಡುವಿನಲ್ಲಿ ಸ್ವಲ್ಪ ಸಣ್ಣ ಮಾಡಿದರು. ತಿರುಗುತ್ತಿದ್ದ ಮೈಗೆ ಕುಂಚದ ತುದಿ ತಾಗಿಸಿದರೆ ತಾನಾಗಿ ಕೆಂಪು ಬಳೆ ಮೂಡಿತು. ಹೂ ಬರೆದದ್ದು ಚರಕಿ ನಿಲ್ಲಿಸಿ. ಕತ್ತಿನ ಗುಂಡು ಮೈಯ ತೂತಿಗಿಂತ ಕೂದಲಷ್ಟು ದೊಡ್ಡದಿರಬೇಕು. ಎಷ್ಟು ಎಂದು ಕೇಳಿದ್ದಕ್ಕೆ ಅವರ ಬಳಿ ಅಂಕಿಯಿರಲಿಲ್ಲ, ಹೆಬ್ಬೆರಳು ತೋರಿಸಿದರು. ಮೈ ವೇಗವಾಗಿ ತಿರುಗುತ್ತಿರುವಾಗ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಒತ್ತಿದರು. ಮರ ಮರಕ್ಕೆ ಉಜ್ಜಿ ಸುಟ್ಟ ವಾಸನೆ ಬಂತು, ಸಣ್ಣ ಹೊಗೆ ಎದ್ದಿತು, ಟಕ್ಕೆಂದು ಕತ್ತು ಒಳಗೆ ಕುಳಿತಿತು. ಇನ್ನು ಅದು ಹೊರಗೆ ಬಾರದು. ಮೇಸ್ತ್ರಿ ಚರಕಿ ನಿಲ್ಲಿಸಿ, ಕಣ್ಣು ಮುಚ್ಚಿ, ತಲೆಯನ್ನು ಒಂದು ಸುತ್ತು ತಿರುಗಿಸಿ ಸದ್ದು ಕೇಳಿದರು. ಕಿರ್ ಎಂದು ಪೂರ್ತಿ ಅತ್ತಿತು.

ಕಣ್ಣು ಬರೆಯುವಾಗ ಅತ್ತಿಗೆ, ಸ್ವಲ್ಪ ನಗುಮುಖ ಇರಲಿ ಎಂದಳು.

"ನನ್ ಬೊಂಬೆ ನಗಲ್ಲ ಅಮ್ಮ. ನೋಡೋರು ನಗಬೇಕು," ಎಂದರು ಮೇಸ್ತ್ರಿ. ಮೂವತ್ತು ವರ್ಷದಲ್ಲಿ ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ.

೧೯೮೮ರ ಜನವರಿ ಮೂರು, ಭಾನುವಾರ, ಬೆಳಿಗ್ಗೆ ಏಳರ ಬಸ್ಸಿಗೆ ಅತ್ತಿಗೆ, ವಾಮನ ಇಬ್ಬರೂ ಹೋದರು. ಬೀಗದಕೈ ಗೊಂಚಲನ್ನು ವಾಮನ ಕಟ್ಟೆಯ ಮೇಲಿಟ್ಟು ಬಂದಿದ್ದ. ನಾನು ಬಸ್ ನಿಲ್ದಾಣಕ್ಕೆ ಹೋಗಲಿಲ್ಲ. ಹೋದರೆ ಬೊಂಬೆ ನೋಡುವವರಿರುವುದಿಲ್ಲ, ನೀನು ಮನೆಯಲ್ಲೇ ಇರು ಎಂದು ಅತ್ತಿಗೆಯೇ ಹೇಳಿದ್ದಳು. ಹೊಸಿಲಿನಲ್ಲಿ ನನ್ನ ಕೈ ಹಿಡಿದು, ಆ ನಾನೂರ ಹನ್ನೆರಡು ಇನ್ನು ಬರೆಯಬೇಡ ಎಂದಳು. ಗೂಡಿನಲ್ಲಿ ಎರಡು ಬೊಂಬೆಗಳೂ ಪಕ್ಕಪಕ್ಕದಲ್ಲಿದ್ದವು. ಭಾನುವಾರವಾದ್ದರಿಂದ ಅಣ್ಣನದು ಅಲುಗಾಡದೆ ಆಗ್ನೇಯಕ್ಕೆ ನೋಡುತ್ತಿತ್ತು. ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಹಿಂದಿನ ಬೀದಿಯ ವಾಮನನ ಮನೆಯಿಂದ ಒಂದು ಸದ್ದು ಬಂತು. ಅದರ ಜೊತೆಗೇ ನನ್ನ ಮುಂದೆ ಅತ್ತಿಗೆಯ ಬೊಂಬೆ ಕಿರ್ ಎಂದು ಕತ್ತು ತಿರುಗಿಸಿತು. ಬಸ್ಸು ತಿರುವುಗಳಲ್ಲಿ ಹೋದಂತೆ ಅದು ತಡವರಿಸುತ್ತ, ಮುಂದೆ ಹೋಗಿ, ಸ್ವಲ್ಪ ಹಿಂದೆ ಬಂದು, ಮತ್ತೆ ಮುಂದೆ ಹೋಯಿತು. ಹತ್ತೂವರೆಗೆ ನೈಋತ್ಯದಲ್ಲಿ ನಿಂತಿತು.

ಮರುದಿನ ಬೆಳಿಗ್ಗೆ ಆರು ಹತ್ತಕ್ಕೆ ಎದ್ದು, ತಗಡಿನ ವೃತ್ತವನ್ನು ಗೂಡಿನಲ್ಲಿಟ್ಟು, ಎರಡು ಮುಖಗಳ ನಡುವಿನ ಕೋನವನ್ನು ಮೂರು ಸಲ ಅಳೆದೆ. ಮೂರು ಸಲವೂ ನೂರ ನಾಲ್ಕು ಡಿಗ್ರಿ.